ಹೊಸದಾಗಿ ಬೈಕ್ ಕಲಿಯಾಕತ್ತೀನಿ: ಮುಂದಿನ ಬ್ರೇಕ್ ಹಿಡೀಬೇಕೋ ಬ್ಯಾಡೋ?

ನವನಗರದಾಂವ
ನಮಸ್ಕಾರ್ರೀ ಎಲ್ಲಾರಿಗೂ. ಸೆಕೆಂಡ್ ಹ್ಯಾಂಡ್ 125 ಸಿಸಿ ಗಾಡಿ ತಗೊಂಡೀನಿ, ಮುಂದ ಡಿಸ್ಕ್, ಹಿಂದ ಡ್ರಮ್. ಎಲ್‌ಎಲ್‌ಆರ್ ಬಂದದ. ಮಳಿಗಾಲದಾಗ ಹುಬ್ಬಳ್ಳಿ ನವನಗರದಿಂದ ಧಾರವಾಡಕ್ಕ ದಿನಾ ಹೋಗಿಬರೋದದ. ಮನ್ಯಾಗ ಎಲ್ಲಾರೂ "ಮುಂದಿನ ಬ್ರೇಕ್ ಮುಟ್ಟಬ್ಯಾಡ, ಬೀಳ್ತಿ" ಅಂತಾರ. ಖರೇನ? ದೊಡ್ಡ ರಸ್ತೆಗೆ ಇಳಿಯೂಕಿಂತ ಮೊದಲ ಏನೇನು ರೂಢಿ ಮಾಡ್ಕೋಬೇಕು?

ಕ್ಲಚ್ ಕೇಬಲ್
ಮುಂದಿನ ಬ್ರೇಕ್ ಬಿಟ್ರ ಗಾಡಿ ಹೊತ್ತಿಗೆ ಸರಿಯಾಗಿ ನಿಲ್ಲೂದಿಲ್ರಿ. ಬ್ರೇಕ್ ಹಿಡಿದ ಕೂಡ್ಲೆ ಭಾರ ಮುಂದಿನ ಗಾಲಿ ಮ್ಯಾಲೆ ಬೀಳ್ತದ, ಹಿಂದಿಂದು ಹಗುರ ಆಗ್ತದ. ಹಿಂದಿನದೊಂದ ಜೋರ್ ತುಳಿದ್ರ ಗಾಲಿ ಲಾಕ್ ಆಗಿ ಗಾಡಿ ಅಡ್ಡ ಜಾರ್ತದ. ಮನ್ಯಾಗಿನವ್ರ ಅಂಜಿಕಿಗೂ ಕಾರಣ ಅದ. ಲಿವರ್ ಏಕದಮ್ ಜಗ್ಗಿದ್ರ ಭಾರ ಮುಂದ ಬರೂದ್ರಾಗ ಮುಂದಿನ ಗಾಲಿ ಲಾಕ್ ಆಗ್ತದ, ಹ್ಯಾಂಡಲ್ ಸ್ವಲ್ಪ ತಿರುಗಿದ್ರಂತೂ ಬಿದ್ದಂಗ.

ಅದಕ್ಕ ಎರಡು ಹಂತದಾಗ ಹಿಡೀರಿ. ಮೊದಲ ಲಿವರ್‌ನ ಸಡಿಲು ತಗೀರಿ, ಮುಂದಿನ ಶಾಕ್ ಕೆಳಗ ಕೂಡೂದು ಕೈಗೆ ಗೊತ್ತಾಗ್ತದ. ಆಮ್ಯಾಲೆ ಹಿಚುಕ್ಕೋತ ಜೋರ್ ಮಾಡ್ರಿ. ಹಿಂದಿಂದು ಜೋಡಿಲೇ, ಹಗುರಕ. ಗಾಲಿ ಲಾಕ್ ಆತು ಅನ್ನಿಸಿದ್ರ ಲಿವರ್ ಬಿಟ್ಟು ಮತ್ತ ಹಿಡೀರಿ. ನಿಮ್ಮ ಗಾಡಿ 2019ರ ಏಪ್ರಿಲ್ ಆದ ಮ್ಯಾಲಿಂದು ಇದ್ರ ಬಹುತೇಕ ಸಿಬಿಎಸ್ (ಎರಡೂ ಬ್ರೇಕ್ ಜೋಡಿಸಿದ ವ್ಯವಸ್ಥಾ) ಇರ್ತದ, ಹಿಂದಿಂದು ತುಳಿದ್ರ ಮುಂದಿಂದೂ ಅಷ್ಟಿಷ್ಟು ಹಿಡೀತದ. ಅದನ್ನ ನಂಬಿ ಕೈ ಬ್ರೇಕ್ ಮರೀಬ್ಯಾಡ್ರಿ.

ರೂಢಿಗೆ ಹೊಸ ಲೇಔಟಿನ ಖಾಲಿ ಡಾಂಬರ್ ರಸ್ತೆ ಸಾಕು, ಉಸುಕು ಮಾತ್ರ ಇರಬಾರದು. ಮೊದಲ ದಿನ ಬ್ರೇಕ್ ಬ್ಯಾಡ, ಕ್ಲಚ್ ಕಲೀರಿ. ಫಸ್ಟ್ ಗಿಯರ್, ಎಕ್ಸಿಲರೇಟರ್ ಮುಟ್ಟದ ಕ್ಲಚ್ ಸಾವಕಾಶ ಬಿಡ್ರಿ, ಗಾಡಿ ಅಲುಗಾಡಿದ ಜಾಗಕ್ಕ ಬೆರಳು ನಿಲ್ಲಸ್ರಿ. ಆ ಜಾಗ ಬೆರಳಿಗೆ ಸಿಕ್ರ ಸಿಗ್ನಲ್‌ನ್ಯಾಗ ಬಂದ್ ಬೀಳೂದಿಲ್ಲ. ಆಮ್ಯಾಲೆ ರಸ್ತೆ ಬದಿ ಒಂದು ಕಲ್ಲು ಗುರುತಿಟ್ಟು, ಸೆಕೆಂಡ್ ಗಿಯರಿನ್ಯಾಗ 20ರ ಸ್ಪೀಡಿಗೆ ಬಂದು ಕಲ್ಲಿನ ಹತ್ರ ಬ್ರೇಕ್ ಹಿಡೀರಿ. ಎಲ್ಲಿ ನಿಂತಿರಿ ನೋಡ್ರಿ. ಕೈ ಪಳಗಿದ ಮ್ಯಾಲೆ 30, ಆಮ್ಯಾಲೆ 40. ಸ್ಪೀಡ್ ಎರಡು ಪಟ್ಟಾದ್ರ ಬ್ರೇಕ್ ಹಿಡಿದ ಮ್ಯಾಲೆ ಓಡೋ ದೂರ ನಾಲ್ಕು ಪಟ್ಟಾಗ್ತದ, ಕಲ್ಲು ಇಟ್ಟು ನೋಡಿದ್ರ ಇದು ಕಣ್ಣಿಗೇ ಕಾಣ್ತದ.

ಹೊಸಬರು ಹೆದರಿದ್ರ ಮೊದಲ ಜಗ್ಗೂದು ಕ್ಲಚ್. ಅದರಿಂದ ಎಂಜಿನ್ ಹಿಡಿತ ತಪ್ಪಿ ಗಾಡಿ ಇನ್ನೂ ಹಗುರ ಓಡ್ತದ. ಕ್ಲಚ್ ಪೂರ್ತಿ ಹಿಡಿಯೋದು ನಿಲ್ಲೋ ಮುಂಚಿನ ಒಂದೆರಡು ಮೀಟರಿಗೆ ಅಷ್ಟ. ಕಣ್ಣು ಮುಂದಿನ ಗಾಲಿ ಮ್ಯಾಲೆ ಬ್ಯಾಡ, ದೂರ ಇರ್ಲಿ.

ಹಳೇ ಪಿಬಿ ರೋಡ್
ಗಾಡಿ ಹಳೇದು ಅಂದ್ರಿ. ಟೈರ್ ಬದಿಗೆ ನಾಕು ಅಂಕಿ ನೋಡ್ರಿ: 1819 ಅಂತ ಇದ್ರ 2019ರ 18ನೇ ವಾರ ತಯಾರಾದ್ದು. ಟೈರಿನ ಹೂವು (ಗ್ರಿಪ್) ಚಲೋ ಕಂಡ್ರೂ ಅಷ್ಟು ಹಳೇ ರಬ್ಬರ್ ಬಿರುಸಾಗಿರ್ತದ, ಮಳ್ಯಾಗ ಹಿಡಿಯೂದಿಲ್ಲ, ಬದಲಿ ಮಾಡಸ್ರಿ. ಹಿಂದಿನ ಬ್ರೇಕ್ ಪೂರ್ತಿ ತುಳಿದಾಗ ಡ್ರಮ್ ಮ್ಯಾಲಿನ ಬಾಣ ಗುರುತಿಗೆ ಮುಟ್ಟಿದ್ರ ಶೂ ಮುಗದಾವು. ಮುಂದಿನ ಲಿವರ್ ಮೆತ್ತಗ ಸ್ಪಂಜಿನಂಗ ಹೋಗ್ತದಂದ್ರ ಲೈನಿನ್ಯಾಗ ಗಾಳಿ ಸೇರೇದ. ಚೈನ್ ನಡುವ 20ರಿಂದ 30 ಮಿ.ಮೀ. ಆಡಬೇಕು. ಹವಾ ಎಷ್ಟು ಅನ್ನೋದು ಗಾಡಿ ಮ್ಯಾಲಿನ ಸ್ಟಿಕರಿನ್ಯಾಗ ಅದ, ಟೈರ್ ತಣ್ಣಗಿದ್ದಾಗ ಹಿಡಸ್ರಿ.

ರಸ್ತೆ ವಿಚಾರ: ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿಗಂತ ಬ್ಯಾರೆ ಇಟ್ಟ ಲೇನ್ ಎಷ್ಟ ಖಾಲಿ ಕಂಡ್ರೂ ಅದರಾಗ ಗಾಡಿ ಹಾಕಬ್ಯಾಡ್ರಿ. ಬಸ್ ಸ್ಟೇಷನ್ ರಸ್ತೆ ನಡುವ ಇರೂದ್ರಿಂದ ಇಳಿದ ಮಂದಿ ನಿಮ್ಮ ಬಲಗಡೆಯಿಂದ ದಾಟ್ತಾರ. ಸ್ಟೇಷನ್ ಕಂಡ್ರ ಎಕ್ಸಿಲರೇಟರ್ ಬಿಟ್ಟು ಬೆರಳು ಲಿವರ್ ಮ್ಯಾಲಿಡ್ರಿ. ಬೈಪಾಸ್ ಸದ್ಯ ಬ್ಯಾಡ. ಎಲ್‌ಎಲ್‌ಆರ್ ಮ್ಯಾಲೆ ಕಲಿಸೋವ್ರನ್ನ ಬಿಟ್ಟು ಹಿಂದ ಯಾರನ್ನೂ ಕೂಡ್ರಿಸೋಹಂಗಿಲ್ಲ, ಎಲ್ ಬೋರ್ಡ್ ಮುಂದ ಹಿಂದ ಎರಡೂ ಕಡೆ ಬೇಕು. 30 ದಿನ ಆದ ಮ್ಯಾಲೆ ಟೆಸ್ಟ್ ಕೊಡ್ರಿ.

ಹಾವೇರಿ ಹುಡುಗ
ಒಂದು ಬಿಟ್ರಿ ಅಣ್ಣಾರ. ಮಳಿ ಬಿದ್ದ ಮ್ಯಾಲೆ ಎರಿ ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಹತ್ತೋ ಜಾಗದಾಗ ರಾಡಿ ಅಂಟಿರ್ತದ. ಅದರ ಮ್ಯಾಲೆ ಬ್ರೇಕೂ ಬ್ಯಾಡ, ವಾಲಸೂದೂ ಬ್ಯಾಡ. ಸ್ಪೀಡ್ ಇಳಿಸೋದೆಲ್ಲಾ ಅದಕ್ಕಿಂತ ಮೊದಲ ಒಣ ಡಾಂಬರ್ ಮ್ಯಾಲೆ ಮುಗಿಸಿ, ಗಾಡಿ ನೆಟ್ಟಗ ಇಟ್ಟು ಒಂದ ಎಕ್ಸಿಲರೇಟರಿನ್ಯಾಗ ದಾಟ್ರಿ.

ಸುಗ್ಗ್ಯಾಗ ರಸ್ತೆ ಮ್ಯಾಲೆ ಗೋವಿನಜೋಳ ಒಣಾ ಹಾಕಿರ್ತಾರ. ಕಾಳು ಗಾಲಿ ಕೆಳಗ ಉರುಳ್ತಾವ, ಅಲ್ಲೂ ಇದ ರೀತಿ. ಸಂಜಿಕ್ಕ ಕಾಳು ಒಟ್ಟಿ ಕರಿ ತಾಡಪತ್ರಿ ಮುಚ್ಚಿ ಸುತ್ತ ಕಲ್ಲು ಇಟ್ಟಿರ್ತಾರಲ್ಲ, ಎದುರಿನ ಗಾಡಿ ಲೈಟಿನ್ಯಾಗ ಅದು ಕಾಣೂದ ಇಲ್ಲ. ರಾತ್ರಿ ಹಳ್ಳಿ ರಸ್ತೇನ ಬ್ಯಾಡ ಅಂತ ನನ್ನ ಅಭಿಪ್ರಾಯ.

ನವನಗರದಾಂವ
ಭಾಳ ಉಪಕಾರ ಆತ್ರಿ. ಐಎಸ್‌ಐ ಹೆಲ್ಮೆಟ್ ನೋಡಾಕತ್ತೀನಿ, ಗಲ್ಲಕ್ಕ ಬಿಗಿ ಅನ್ನಸ್ತದ. ಒಂದು ಸೈಜ್ ದೊಡ್ಡದು ತಗೊಳ್ಳೇನು?

ಕ್ಲಚ್ ಕೇಬಲ್
ಬ್ಯಾಡ್ರಿ. ಗಲ್ಲದ ಸ್ಪಂಜು ಹಾಕ್ಕೊಂತ ಸಡಿಲ ಆಗ್ತದ. ಹಣಿಗೆ ಒತ್ತಿ ನೋವಾದ್ರ ಮಾತ್ರ ಸೈಜ್ ಬದಲಿ ಮಾಡ್ರಿ. ಪಟ್ಟಿ ಬಿಗಿದು, ಹೆಲ್ಮೆಟ್ ಹಿಂದಿನ ಅಂಚು ಹಿಡಿದು ಮುಂದಕ್ಕ ಎತ್ತಿ ನೋಡ್ರಿ. ತಲಿಯಿಂದ ಕಳಚಿ ಬಂತಂದ್ರ ಅದು ನಿಮ್ಮ ಸೈಜ್ ಅಲ್ಲ. ಗ್ಲಾಸ್ ಕರೀದು ತಗೋಬ್ಯಾಡ್ರಿ, ಸಂಜೀಕ ಬರ್ತೀರಿ.