ಅಪ್‌ಡೇಟ್: ಆಫ್ರಿಕನ್ ವಯಲೆಟ್‌ಗೆ ದೊಡ್ಡ ಕುಂಡ ಬೇಕಾಗಲಿಲ್ಲ
ನನ್ನ ಆಫ್ರಿಕನ್ ವಯಲೆಟ್ (ಮನೆಯೊಳಗೆ ಬೆಳೆಸುವ ಸಣ್ಣ ಹೂಗಿಡ) ಕೆಳಗಿನ ಎಲೆ ಉದುರಿ ಕಾಂಡ ಬೋಳಾಗಿ ವಾಲುತ್ತಿದೆ, ದೊಡ್ಡ ಕುಂಡಕ್ಕೆ ಹಾಕಲೇ ಎಂದು ಕೇಳಿದ್ದೆ. ಅದೇ ಅಳತೆಯದು ಸಾಕು ಎಂದಿರಿ, ನಿಜ. ಗಿಡದ ಹರವು 30 ಸೆಂ.ಮೀ. ಇದ್ದರೆ ಕುಂಡದ ಬಾಯಿ 10 ಸಾಕು. ದೊಡ್ಡದಾದರೆ ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಉಳಿದು ಬುಡ ಕೊಳೆಯುತ್ತದೆ.

ಬೋಳು ಕಾಂಡ 2 ಸೆಂ.ಮೀ. ಇತ್ತು. ಅದರ ಕಂದು ಸಿಪ್ಪೆ ಮೆಲ್ಲಗೆ ಕೆರೆದು, ಬೇರಿನ ಮುದ್ದೆಯ ತಳದಿಂದಲೂ ಅಷ್ಟೇ ಕತ್ತರಿಸಿ, ಗಿಡವನ್ನು ಕೆಳಗಿನ ಎಲೆಸಾಲಿನವರೆಗೆ ಕುಂಡದೊಳಗೆ ಇಳಿಸಿದೆ. ನಡುವಿನ ಚಿಗುರು ಮಾತ್ರ ಹೂಳಬಾರದು. ಕುಂಡಕ್ಕೆ ತುಂಬಿದ್ದು ಕೋಕೋಪೀಟ್ (ತೆಂಗಿನ ನಾರಿನ ಪುಡಿ; ಚೆನ್ನಾಗಿ ತೊಳೆದದ್ದು, ಇಲ್ಲವಾದರೆ ಉಪ್ಪು ಬೇರು ಸುಡುತ್ತದೆ), ಪರ್ಲೈಟ್, ವರ್ಮಿಕ್ಯುಲೈಟ್ (ಎರಡೂ ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಚೂರು) ಸಮಪಾಲು. ನೀರು ಸ್ವಲ್ಪವೇ ಕೊಟ್ಟು, ಪ್ಲಾಸ್ಟಿಕ್ ಚೀಲ ಮುಚ್ಚಿ, ನೇರ ಬಿಸಿಲು ಬೀಳದ ಕಡೆ ಇಟ್ಟೆ. ಈಗ ಹೊಸ ಎಲೆ ಬರುತ್ತಿವೆ. ಗೊಬ್ಬರ ಒಂದು ತಿಂಗಳು ಬೇಡ. ಮೊಗ್ಗು ಬಂದರೆ ಚಿವುಟುತ್ತೇನೆ.