ಮೊದಲ ಸಲ ಗೋಸುಂಬೆ ಸಾಕಬೇಕು ಅಂತಿದ್ದೇನೆ, ತರುವ ಮುಂಚೆ ಏನೇನು ರೆಡಿ ಇರಬೇಕು?

ಮರಿಕೊಂಬೆ:
ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗೆ ಮೀನು ಸಾಕಿದ್ದೇನೆ, ಹಲ್ಲಿ ಜಾತಿಯ ಪ್ರಾಣಿ ಇದೇ ಮೊದಲು. ತಲೆ ಮೇಲೆ ಎತ್ತರದ ಜುಟ್ಟು ಇರುತ್ತದಲ್ಲ, ಯೆಮನ್ ಕಡೆಯ ವೇಲ್ಡ್ ಗೋಸುಂಬೆ, ಅದರ ಮರಿ ತರುವ ಆಸೆ. ಕಾಡಿನಿಂದ ಹಿಡಿದದ್ದಲ್ಲ, ಸಾಕಿದವರ ಹತ್ತಿರವೇ ಮೊಟ್ಟೆಯೊಡೆದು ಬಂದದ್ದು, ಕಾಗದಪತ್ರ ಇದೆ. ಇನ್ನೂ ತಂದಿಲ್ಲ.

ಮೀನಿನ ಹಳೇ ಗಾಜಿನ ತೊಟ್ಟಿ ಖಾಲಿ ಬಿದ್ದಿದೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಎತ್ತರ. ಅದರಲ್ಲೇ ಕೆಳಗೆ ತೆಂಗಿನ ನಾರಿನ ಪುಡಿ ಹರಡಿ, ಒಂದು ನೀರಿನ ಬಟ್ಟಲು ಇಟ್ಟು, ಮೇಲೊಂದು ಬಿಸಿ ಬಲ್ಬ್ ಹಾಕಿದರೆ ಸಾಕಾ? ಒಂದೇ ಇದ್ದರೆ ಬೇಜಾರಾಗುತ್ತದೆ, ಜೋಡಿ ತಗೋ ಅಂತ ತಂಗಿ ಬೇರೆ ಹೇಳುತ್ತಿದ್ದಾಳೆ. ಕೈ ಮೇಲೆ, ಭುಜದ ಮೇಲೆ ಕೂರಿಸಿಕೊಂಡು ಓಡಾಡುವ ವಿಡಿಯೊ ನೋಡಿ ನೋಡಿ ನನಗಂತೂ ಹುಚ್ಚು ಹಿಡಿದಿದೆ. ತಿಳಿದವರು ಹೇಳಿ.

ಎಲೆಮರೆ:
ತರುವ ಮುಂಚೆ ಕೇಳಿದ್ದೀರಲ್ಲ, ಅರ್ಧ ಕೆಲಸ ಆಯಿತು. ಜಾಸ್ತಿ ಜನ ತಂದ ಮೇಲೆ ಕೇಳುತ್ತಾರೆ.

ತೊಟ್ಟಿ ಬೇಡ. ಗೋಸುಂಬೆ ನೆಲದ ಪ್ರಾಣಿ ಅಲ್ಲ, ಅದಕ್ಕೆ ಬೇಕಾದದ್ದು ಎತ್ತರ. ಬೆಳೆದ ವೇಲ್ಡ್‌ಗೆ 60 ಸೆಂ.ಮೀ. ಅಗಲ, 60 ಆಳ, 120 ಎತ್ತರದ ಜಾಲರಿ ಗೂಡು ಅಂತ ಲೆಕ್ಕ ಇಟ್ಟುಕೊಳ್ಳಿ. ಮರಿಗೂ ಅದನ್ನೇ ಕೊಡಬಹುದು, ಸುಮ್ನೆ ಎರಡು ಸಲ ಖರ್ಚು ಯಾಕೆ? ಗೂಡನ್ನು ಮೇಜಿನ ಮೇಲೆ ಎತ್ತರಿಸಿ ಇಡಿ, ಅದು ಕೂರುವ ಕೊಂಬೆ ನಿಮ್ಮ ಕಣ್ಣಿಗಿಂತ ಮೇಲಿರಲಿ. ಮೇಲಿನಿಂದ ಯಾರಾದರೂ ಬಗ್ಗಿ ನೋಡಿದರೆ ಅದಕ್ಕೆ ಹದ್ದು ಬಂದ ಲೆಕ್ಕವೇ. ಒಳಗೆ ಅಡ್ಡಡ್ಡ ಕೊಂಬೆಗಳು, ಬೇರೆ ಬೇರೆ ದಪ್ಪದವು. ಗಿಡಗಳು ನಿಜವಾದವೇ ಇರಲಿ, ಮನಿ ಪ್ಲಾಂಟ್, ದಾಸವಾಳ ನಡೆಯುತ್ತದೆ. ವೇಲ್ಡ್ ಎಲೆಯನ್ನೂ ಕಚ್ಚಿ ತಿನ್ನುತ್ತದೆ, ಹಾಗಾಗಿ ಔಷಧಿ ಹೊಡೆದ ಗಿಡ ಬೇಡ. ಕೆಳಗೆ ನಾರಿನ ಪುಡಿಯೂ ಬೇಡ. ಹುಳುವಿಗೆ ನಾಲಿಗೆ ಬೀಸಿದಾಗ ಅದೂ ಅಂಟಿಕೊಂಡು ಹೊಟ್ಟೆಗೆ ಹೋಗಬಹುದು.

ಈಗ ನೀರು. ಬಟ್ಟಲಿನಲ್ಲಿ ಅಲುಗಾಡದೆ ನಿಂತ ನೀರನ್ನು ಗೋಸುಂಬೆಗಳು ಸಾಮಾನ್ಯವಾಗಿ ನೀರು ಅಂತ ಗುರುತಿಸುವುದೇ ಇಲ್ಲ. ಎಲೆ ಮೇಲಿನ ಇಬ್ಬನಿ, ಮಳೆ ಹನಿ, ಅದನ್ನು ನೆಕ್ಕಿ ಬದುಕುವ ಪ್ರಾಣಿ ಅದು. ಬೆಳಿಗ್ಗೆ ಲೈಟ್ ಹಾಕುವ ಮುಂಚೆ ಒಮ್ಮೆ, ರಾತ್ರಿ ಆರಿಸಿದ ಮೇಲೆ ಒಮ್ಮೆ ಎಲೆಗಳಿಗೆ ಸಣ್ಣಗೆ ನೀರು ಸಿಂಪಡಿಸಿ. ಹಗಲು ಒಂದು ಹನಿ ಪೈಪು, ಎಲೆ ಮೇಲೆ ನಿಧಾನಕ್ಕೆ ತೊಟ್ಟಿಕ್ಕುವ ಹಾಗೆ. ಕುಡಿಯುವುದನ್ನು ನೋಡಬೇಕು ನೀವು. ಒಂದು ಕಣ್ಣು ಹನಿ ಕಡೆ, ಇನ್ನೊಂದು ನಿಮ್ಮ ಕಡೆ. ಹಾಗೇ ತುಂಬಾ ಹೊತ್ತು ಕೂತಿದ್ದು, ನೀವು ಅಲ್ಲಾಡಲಿಲ್ಲ ಅಂದರೆ ಮಾತ್ರ ಬಾಯಿ ತೆರೆದು ಎಲೆ ತುದಿಯನ್ನೇ ಬಾಯಿಗೆ ಇಟ್ಟುಕೊಂಡು ಗುಟುಕು ಗುಟುಕು ನುಂಗುತ್ತದೆ. ಗಡಿಬಿಡಿ ಇರುವ ಮನೆಯಲ್ಲಿ ನೀರು ಎಷ್ಟಿದ್ದರೂ ಅದು ಕುಡಿಯದೇ ಇರಬಹುದು. ಕಣ್ಣು ಒಳಗೆ ಗುಳಿ ಬಿದ್ದರೆ, ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಡು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಸಿಂಪಡಿಸಿದ ನೀರೆಲ್ಲ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಮೊದಲೇ ಯೋಚಿಸಿ, ಕೆಳಗೆ ತಟ್ಟೆ ಇಡಿ. ಯಾರೂ ಇದನ್ನು ಹೇಳುವುದಿಲ್ಲ, ಆಮೇಲೆ ನೆಲವೆಲ್ಲ ಒದ್ದೆ.

ಬಿಸಿ ಬಲ್ಬ್ ಒಂದೇ ಸಾಲದು. ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಅದು ಬೇಕೇ ಬೇಕು. ಅದಿಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಒಳಗೆ ಹತ್ತುವುದಿಲ್ಲ, ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನ ಹಾಗೆ ಬಾಗುತ್ತದೆ. ಉದ್ದನೆಯ, ತೆಳ್ಳಗಿನ ಟಿ5 ಯುವಿಬಿ ಟ್ಯೂಬ್ ತಗೊಳ್ಳಿ, ಯುವಿಬಿ 5 ಅಥವಾ 6 ಶೇಕಡ ಅಂತ ಬರೆದದ್ದು. ಕಿಟಕಿ ಗಾಜಿನಿಂದ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಬಿಸಿ ಕಾಯಿಸುವ ಜಾಗ ಮರಿಗೆ 27-28 ಡಿಗ್ರಿ ಸಾಕು, ಬೆಳೆದ ಗಂಡಿಗೆ 29-30. ಬಲ್ಬನ್ನು ಜಾಲರಿಗೆ ತಾಗಿಸಿ ಇಡಬೇಡಿ, ಅದು ಅಲ್ಲೇ ನೇತಾಡಿ ಬೆನ್ನು ಸುಟ್ಟುಕೊಳ್ಳುತ್ತದೆ. ರಾತ್ರಿ ಪೂರ್ತಿ ಕತ್ತಲೆ. ಕೆಂಪು ಲೈಟ್, ನೀಲಿ ಲೈಟ್ ಏನೂ ಬೇಡ.

ಹಿತ್ತಲಗಿಡ:
ಎಲೆಮರೆ ಹೇಳಿದ್ದಕ್ಕೆ ಒಂದು ತಕರಾರು. ಗಾಜು ಪೂರ್ತಿ ಕೆಟ್ಟದ್ದೇನಲ್ಲ. ಒಣ ಹವೆ, ಚಳಿ ಇರುವ ಕೋಣೆಯಲ್ಲಿ ನಾಲ್ಕೂ ಕಡೆ ಜಾಲರಿ ಇದ್ದರೆ ಎಷ್ಟು ಸಿಂಪಡಿಸಿದರೂ ತೇವ ನಿಲ್ಲುವುದಿಲ್ಲ. ಕೆಳಗೂ ಮೇಲೂ ಗಾಳಿ ಆಡುವ ಎತ್ತರದ ಗಾಜಿನ ಗೂಡು ಅಂಥ ಕಡೆ ಒಳ್ಳೆಯದೇ. ಆದರೆ ಮೀನಿನ ತೊಟ್ಟಿ ಬೇರೆ ಮಾತು. ಅದರಲ್ಲಿ ಗಾಳಿ ಓಡಾಡುವುದಿಲ್ಲ, ಬಿಸಿ ಮತ್ತು ತೇವ ಒಟ್ಟಿಗೆ ಕಟ್ಟಿಕೊಂಡರೆ ಶ್ವಾಸಕೋಶದ ಸೋಂಕು ಬರುತ್ತದೆ. ತೇವ ರಾತ್ರಿ ಏರಲಿ, ತಂಪಾಗಿದ್ದಾಗ. ಹಗಲು ಎಲೆಗಳು ಒಣಗಲಿ.

ಇನ್ನು ಊಟ. ಪ್ರಾಣಿ ತರುವ ಮುಂಚೆ ಹುಳು ಸಾಕುವುದನ್ನು ಕಲಿಯಿರಿ ಅಂತ ನನ್ನ ಸಲಹೆ. ಕ್ರಿಕೆಟ್ ಹುಳು, ಡ್ಯೂಬಿಯಾ ಜಿರಳೆ, ರೇಷ್ಮೆ ಹುಳು ಎಲ್ಲಾ ನಡೆಯುತ್ತದೆ, ಬದಲಾಯಿಸುತ್ತಾ ಇರಬೇಕು. ಮೀಲ್‌ವರ್ಮ್ (ಒಂದು ಜಾತಿ ಜೀರುಂಡೆಯ ಮರಿಹುಳು) ಅಪರೂಪಕ್ಕೆ. ಹುಳುವಿಗೆ ಮೊದಲು ಸೊಪ್ಪು, ಕ್ಯಾರೆಟ್ ಚೆನ್ನಾಗಿ ತಿನ್ನಿಸಿ. ಅದು ತಿಂದದ್ದೇ ಗೋಸುಂಬೆ ತಿಂದ ಹಾಗೆ. ಗಾತ್ರ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಅಗಲ ಇರಬಾರದು. ಡಬ್ಬಿಯಲ್ಲಿ ಹಾಕಿ ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಿ ಅಲ್ಲಾಡಿಸಿದರೆ ಮೈಗೆಲ್ಲ ತೆಳ್ಳಗೆ ಬಿಳಿ ಹತ್ತುತ್ತದೆ, ಅಷ್ಟು ಸಾಕು. ದಿನಾ ಹಾಕುವುದು ಡಿ3 ಇಲ್ಲದ ಕ್ಯಾಲ್ಸಿಯಂ. ಡಿ3 ಇರುವ ಮಲ್ಟಿವಿಟಮಿನ್ ತಿಂಗಳಿಗೆ ಎರಡು ಸಲ, ಜಾಸ್ತಿ ಆದರೆ ಅದೂ ವಿಷವೇ. ಮರಿಗೆ ದಿನಾ ಊಟ, ಬೆಳೆದ ಮೇಲೆ ದಿನ ಬಿಟ್ಟು ದಿನ. ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿ ಒಳಗೆ ಬಿಡಬೇಡಿ, ಮಲಗಿರುವ ಮರಿಯನ್ನು ಅವೇ ಕಚ್ಚುತ್ತವೆ.

ಒಂಟಿಕಾಲು:
ಎಲ್ಲರೂ ಗೂಡಿನ ಬಗ್ಗೆ ಹೇಳಿದರು, ಜೋಡಿ ಬಗ್ಗೆ ನಾನು ಹೇಳುತ್ತೇನೆ. ಬೇಡವೇ ಬೇಡ. ತಂಗಿಗೆ ಹೇಳಿ, ಅದಕ್ಕೆ ಬೇಜಾರು ಆಗುವುದೇ ಇನ್ನೊಂದು ಗೋಸುಂಬೆ ಕಣ್ಣಿಗೆ ಬಿದ್ದಾಗ. ಕನ್ನಡಿಯಲ್ಲಿ ತನ್ನನ್ನೇ ನೋಡಿದರೂ ಗಂಟಲು ಉಬ್ಬಿಸಿ, ಮೈ ಚಪ್ಪಟೆ ಮಾಡಿ ಬುಸ್ ಅನ್ನುತ್ತದೆ. ಒಂದು ಗೂಡಿಗೆ ಒಂದೇ. ಎರಡು ಗೂಡು ಇದ್ದರೆ ನಡುವೆ ಮರೆ.

ಗಂಡೇ ತಗೊಳ್ಳಿ, ಮೊದಲ ಸಲಕ್ಕೆ ಅದೇ ಸುಲಭ. ವೇಲ್ಡ್ ಹೆಣ್ಣು ಗಂಡಿನ ಜೊತೆ ಸೇರದೆಯೂ ಮೊಟ್ಟೆ ಇಡುತ್ತದೆ, ಒಮ್ಮೆಗೆ ಇಪ್ಪತ್ತು ಮೂವತ್ತು, ಚೆನ್ನಾಗಿ ತಿನ್ನಿಸಿದರೆ ಇನ್ನೂ ಜಾಸ್ತಿ. ಅಗೆಯಲು ಒಂದಡಿ ಆಳದ ಹಸಿ ಮರಳು ಇಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿ ಜೀವಕ್ಕೇ ಅಪಾಯ. ಗಂಡು ಹೆಣ್ಣು ಗುರುತಿಸಲು ಹಿಂಗಾಲು ನೋಡಿ. ಗಂಡು ಮರಿಗೆ ಹುಟ್ಟಿನಿಂದಲೇ ಹಿಮ್ಮಡಿಯ ಹತ್ತಿರ ಸಣ್ಣ ಗಂಟು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಮಾರುವವರು ಹೇಳಿದ್ದನ್ನು ನಂಬುವ ಬದಲು ನೀವೇ ನೋಡಿಕೊಳ್ಳಿ.

ಭುಜದ ಮೇಲೆ ಕೂರಿಸಿಕೊಳ್ಳುವ ವಿಷಯ. ಆ ವಿಡಿಯೊಗಳಲ್ಲಿ ಮೈ ಬಣ್ಣ ನೋಡಿ, ಎಷ್ಟೋ ಸಲ ಕಪ್ಪಿಟ್ಟಿರುತ್ತದೆ. ಅದು ಖುಷಿ ಅಲ್ಲ ಗುರು. ಹಿನ್ನೆಲೆ ಹಸಿರಿದ್ದರೆ ಹಸಿರು, ಕೆಂಪಿದ್ದರೆ ಕೆಂಪು ಅನ್ನುವುದೆಲ್ಲ ಕಟ್ಟುಕತೆ. ಬಣ್ಣ ಬದಲಾಗುವುದು ಹೆದರಿಕೆ, ಸಿಟ್ಟು, ಹೆಣ್ಣಿನ ಆಸೆ, ಮೈ ಬಿಸಿ ಮಾಡಿಕೊಳ್ಳುವುದು ಇಂಥದ್ದಕ್ಕೆ. ಪ್ಯಾಂಥರ್ ಅನ್ನುವ ಇನ್ನೊಂದು ಜಾತಿ ಗೋಸುಂಬೆಯ ಚರ್ಮದಲ್ಲಿರುವ ಅತಿ ಸಣ್ಣ ಹರಳುಗಳು ಹತ್ತಿರ ದೂರ ಆಗುವುದರಿಂದ ಬಣ್ಣ ಬದಲಾಗುತ್ತದೆ ಅಂತ 2015ರಲ್ಲಿ ಜಿನೀವಾದ ವಿಜ್ಞಾನಿಗಳು ತೋರಿಸಿದರು. ಮುದ್ದು ಮಾಡುವ ಪ್ರಾಣಿ ಬೇಕಾದರೆ ಇದು ಅದಲ್ಲ, ನೇರವಾಗಿ ಹೇಳುತ್ತಿದ್ದೇನೆ. ಕೂತು ನೋಡುವುದರಲ್ಲೇ ಖುಷಿ ಪಡುವವರಿಗೆ ಇದಕ್ಕಿಂತ ಚೆನ್ನಾದದ್ದು ಇಲ್ಲ.

ಮರಿಕೊಂಬೆ:
ಎಲ್ಲರಿಗೂ ಥ್ಯಾಂಕ್ಸ್. ತೊಟ್ಟಿ, ಬಟ್ಟಲು, ಜೋಡಿ ಮೂರೂ ಕ್ಯಾನ್ಸಲ್. ತಂಗಿಗೂ ಓದಿಸಿದೆ, ಮುಖ ಸಪ್ಪೆ ಮಾಡಿಕೊಂಡಳು. ಎರಡು ಪ್ರಶ್ನೆ ಉಳಿದಿದೆ. ಯುವಿಬಿ ಟ್ಯೂಬ್ ಜಾಲರಿ ಮೇಲೆ ಇಟ್ಟರೆ ಕೊಂಬೆ ಎಷ್ಟು ಕೆಳಗಿರಬೇಕು? ಗೂಡು ರೆಡಿ ಆದ ದಿನವೇ ಮರಿ ತರಬಹುದಾ? ಕೈಗೆ ಎತ್ತಿಕೊಳ್ಳಲೇಬಾರದಾ ಅಂತ ಮೂರನೆಯದೂ ಇದೆ, ಬೈಯಬೇಡಿ.

ಎಲೆಮರೆ:
ಆ ಟ್ಯೂಬಿಗೆ ಸುಮಾರು 20ರಿಂದ 25 ಸೆಂ.ಮೀ. ಕೆಳಗೆ, ಅದೂ ಬೆನ್ನಿನ ಲೆಕ್ಕಕ್ಕೆ, ಕೊಂಬೆ ಲೆಕ್ಕಕ್ಕಲ್ಲ. ಯುವಿ ಮೀಟರ್ ಸಿಕ್ಕಿದರೆ ಅಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ಇರಬೇಕು. ಟ್ಯೂಬ್ ಉರಿಯುತ್ತಲೇ ಇದ್ದರೂ ಯುವಿಬಿ ಕಮ್ಮಿಯಾಗುತ್ತಾ ಹೋಗುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸಿ.

ಅದೇ ದಿನ ಬೇಡ. ಖಾಲಿ ಗೂಡನ್ನೇ ಒಂದೆರಡು ವಾರ ಓಡಿಸಿ. ಟೈಮರ್‌ನಲ್ಲಿ 12 ಗಂಟೆ ಲೈಟ್, ಸಿಂಪಡಿಕೆ ಎಲ್ಲಾ ಮರಿ ಇದ್ದ ಹಾಗೇ ನಡೆಯಲಿ. ಮಧ್ಯಾಹ್ನ ಬಿಸಿ ಜಾಗದ ಉಷ್ಣತೆ ಎಷ್ಟು, ರಾತ್ರಿ ತೇವ ಎಷ್ಟು, ಎಲೆ ಒಣಗಲು ಎಷ್ಟು ಹೊತ್ತು, ನೀರು ಎಲ್ಲಿ ಸೋರುತ್ತದೆ, ಎಲ್ಲಾ ಬರೆದಿಡಿ. ಅಷ್ಟರಲ್ಲಿ ಸರೀಸೃಪ ನೋಡುವ ಪಶುವೈದ್ಯರು ಯಾರು ಅಂತ ಹುಡುಕಿ ಫೋನ್ ಮಾಡಿ ಮಾತಾಡಿಕೊಂಡಿರಿ. ನಾಯಿ ಬೆಕ್ಕು ನೋಡುವ ಎಲ್ಲರಿಗೂ ಇದು ಬರುವುದಿಲ್ಲ.

ಒಂಟಿಕಾಲು:
ಮೂರನೆಯದಕ್ಕೆ ನಾನು. ಮೊದಲ ಕೆಲವು ವಾರ ಮುಟ್ಟಲೇಬೇಡಿ, ಗೂಡಿನ ಮೂರು ಕಡೆ ಬಟ್ಟೆ ಇಳಿಬಿಡಿ. ಆಮೇಲೆ ಚಿಮಟದಲ್ಲೋ ಕೈಯಲ್ಲೋ ಹುಳು ಹಿಡಿದು ಅದೇ ಬರುವವರೆಗೆ ಕಾಯಿರಿ. ಅದಾಗೇ ಕೈ ಹತ್ತಿದರೆ ಸರಿ, ಮೇಲಿನಿಂದ ಹಿಡಿದು ಕೀಳಬೇಡಿ. ಕೈ ಹತ್ತಿದ ಮೇಲೆ ಸೋಪು ಹಾಕಿ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಗೂಡು ನಿಲ್ಲಿಸಿದ ಮೇಲೆ ಫೋಟೊ ಹಾಕಿ, ಕೊಂಬೆ ಎಲ್ಲೆಲ್ಲಿ ಕಟ್ಟಬೇಕು ಅಂತ ನೋಡಿ ಹೇಳುತ್ತೇವೆ.