ಪದ ಬೇಕು: ತಿರುಗುವ ಡಿಶ್‌ನ ‘ಎಲಿವೇಶನ್’ಗೆ ಕನ್ನಡದಲ್ಲಿ ಏನು? (ಶುಕ್ರವಾರದೊಳಗೆ)

ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ.

ನನ್ನ ತಮ್ಮನದು ಇಲ್ಲಿ ಡಿಶ್ ಅಂಗಡಿ. ಮೋಟಾರ್ ಇರುವ ಡಿಶ್ ಕೊಂಡವರಿಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡು ಅಂದ. ಶುಕ್ರವಾರ ಸಂಜೆ ಅದು ಪ್ರೆಸ್‌ಗೆ ಹೋಗಬೇಕು. ಬರೆಯಲು ಕೂತವನು ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಮೋಟಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ‘ಎಲಿವೇಶನ್’ (ನೆಲಮಟ್ಟದಿಂದ ಎಷ್ಟು ಡಿಗ್ರಿ ಮೇಲೆ ಅನ್ನುವುದು) ಇದ್ದ ಕಡೆಯೆಲ್ಲ ಮೊದಲ ಕರಡಿನಲ್ಲಿ ‘ಎತ್ತರ’ ಅಂತ ಹಾಕಿದ್ದೆ. ಅಂಗಡಿ ಹುಡುಗ ಅದನ್ನು ಹಿಡಿದುಕೊಂಡು ನಮ್ಮ ತಾರಸಿಗೇ ಹತ್ತಿದ. ‘ಎತ್ತರ 75.5’ ಅಂತ ಓದಿ ಮೋಟಾರಿನ ಬೋಲ್ಟ್ ಬಿಟ್ಟು ಡಿಶ್ ಹಿಂದಿನ ಬೋಲ್ಟ್ ಸಡಿಲ ಮಾಡಿದ. ಅರ್ಧ ದಿನ ಬಿಸಿಲಲ್ಲಿ ಹೋಯಿತು. ತಪ್ಪು ಅವನದಲ್ಲ, ನನ್ನ ಪದದ್ದು.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ದೂರದಲ್ಲಿ ಸಾಲಾಗಿ ಇವೆ. ಇಲ್ಲಿಂದ ನೋಡಿದರೆ ಆ ಸಾಲು ದಕ್ಷಿಣದ ಕಡೆ ಬಾಗಿದ ಗೆರೆ. ಮೋಟಾರ್ ಡಿಶ್ಶನ್ನು ಆ ಗೆರೆಯ ಮೇಲೇ ಓಡಾಡಿಸಬೇಕು. ದಾವಣಗೆರೆ ಇರುವುದು 14.5 ಡಿಗ್ರಿ ಉತ್ತರ, 75.9 ಡಿಗ್ರಿ ಪೂರ್ವದಲ್ಲಿ. ಇದರಿಂದ ಬರುವ ಅಂಕಿಗಳು ಮೂರು. ಮೋಟಾರಿನ ಅಚ್ಚು, ಅಂದರೆ ಅದು ಯಾವುದರ ಸುತ್ತ ತಿರುಗುತ್ತದೋ ಅದು, ನೆಲಮಟ್ಟದಿಂದ 14.5 ಡಿಗ್ರಿ ವಾಲಿರಬೇಕು. ಕೆಲವು ಮೋಟಾರ್‌ಗಳ ಪಟ್ಟಿಯಲ್ಲಿ ಇದನ್ನೇ 90ರಿಂದ ಕಳೆದು 75.5 ಅಂತ ತೋರಿಸಿರುತ್ತಾರೆ. ಡಿಶ್ ನೇರ ದಕ್ಷಿಣಕ್ಕೆ ನಿಂತಾಗ ಅದರ ನೋಟ ನೆಲದಿಂದ 73 ಡಿಗ್ರಿ ಮೇಲಿರುತ್ತದೆ, ಹೆಚ್ಚು ಕಡಿಮೆ ನೆತ್ತಿಯ ಹತ್ತಿರ. ಆದರೆ ಡಿಶ್ ಹಿಂದಿನ ಪಟ್ಟಿಯಲ್ಲಿ 73 ಇಡುವಂತಿಲ್ಲ. ನಮ್ಮ ಮೋಟಾರಿನ ಕೊಳವೆ 30 ಡಿಗ್ರಿ ಬಾಗಿದೆ. 75.5ಕ್ಕೂ 73ಕ್ಕೂ ಇರುವ ವ್ಯತ್ಯಾಸ 2.5. ಅದನ್ನು 30ರಲ್ಲಿ ಕಳೆದು 27.5 ಇಡಬೇಕು. ಇಂಗ್ಲಿಷ್ ಪುಸ್ತಕ ಎಲ್ಲವನ್ನೂ ಎಲಿವೇಶನ್ ಅನ್ನುತ್ತದೆ.

ಹಾಗಾಗಿ ನನಗೆ ಬೇಕಾದ್ದು ಎರಡು ಪದ. ಒಂದು ಮೋಟಾರಿನ ವಾಲಿಕೆಗೆ, ಇನ್ನೊಂದು ಡಿಶ್ಶಿನ ನೋಟಕ್ಕೆ. ಜೊತೆಗೆ ಇಡೀ ಸಾಮಾನಿಗೊಂದು ಹೆಸರು. ‘ತಿರುಗುಡಿಶ್’ ಅಂದುಕೊಂಡಿದ್ದೇನೆ, ಆಗುತ್ತದೆಯೇ? ‘ಮೋಟಾರ್ ಡಿಶ್’ ಅನ್ನಲು ಹಿಂಜರಿಕೆ, ಯಾಕಂದರೆ ನಮ್ಮ ಹಳ್ಳಿಗಳ ಕಡೆ ಮೋಟ್ರು ಅಂದರೆ ಬೋರ್‌ವೆಲ್‌ದು.

ಹೊಸದುರ್ಗದಿಂದ

‘ತಿರುಗುಡಿಶ್’ ಕನ್ನಡಕ್ಕೆ ಬೇರೆ ನುಡಿಯ ಪದ ಕೂಡಿಸಿದ ಅರಿಸಮಾಸ. ಬೇಡ. ತಟ್ಟೆ ಅನ್ನುವ ಒಳ್ಳೆ ಪದ ಮನೆಯಲ್ಲೇ ಇದೆ. ‘ತಿರುಗುತಟ್ಟೆ’ ಅನ್ನಿ. ಎಲಿವೇಶನ್‌ಗೆ ‘ಏರುಮೂಲೆ’. ‘ಕೋನ’ ಸಂಸ್ಕೃತ. ದಕ್ಷಿಣಕ್ಕೆ ‘ತೆಂಕಣ’ ಅನ್ನಿ. ರಿಸೀವರ್ ಯಾಕೆ, ‘ಪಡೆಕ’ ಸಾಕು. ಎರವಲು ತಂದು ತಂದು ಮನೆಯ ಪಾತ್ರೆ ಮರೆತಿದ್ದೇವೆ.

ಹರಿಹರದಿಂದ

ಮೇಷ್ಟ್ರೇ, ಅರಿಸಮಾಸದ ಮಾತು ಇಲ್ಲಿ ಹತ್ತುವುದಿಲ್ಲ. ‘ತಿರುಗುವುದು ಆದ ಡಿಶ್’ ಅಂತ ಬಿಡಿಸಿ. ಕೃದಂತ ಪೂರ್ವಪದ, ಗಮಕ ಸಮಾಸ. ಸುಡುಗಾಡು ಆದ ಹಾಗೆ. ಗಮಕಕ್ಕೂ ಕ್ರಿಯಾಸಮಾಸಕ್ಕೂ ಅರಿ ದೋಷ ಇಲ್ಲ ಅಂತ ಶಾಲೆಯಲ್ಲೇ ಕಲಿತಿದ್ದೇವೆ. ತಟ್ಟೆ ಅಂದರೆ ನಮ್ಮ ಕಡೆ ಊಟದ್ದು. ಮೂಲೆ ಅಂದರೆ ಕೋಣೆಯದು. ‘ಏರುಮೂಲೆ 73’ ಅಂತ ಓದಿದವನು ಏನು ಮಾಡಬೇಕು?

‘ತಿರುಗುವ’, ‘ತಿರುಗಿಸುವ’ ನಡುವೆ ಮಾತ್ರ ಯೋಚಿಸಿ. ಡಿಶ್ ತಾನೇ ತಿರುಗುವುದಿಲ್ಲ. ಮೋಟಾರ್ ತಿರುಗಿಸುತ್ತದೆ. ನೋಡುವವನ ಕಣ್ಣಿಗೆ ತಿರುಗುವುದು ಡಿಶ್ಶೇ. ಹೆಸರಿಗೆ ಅಷ್ಟು ಸಾಕು.

ಚಿತ್ರದುರ್ಗದಿಂದ

ಉಪಗ್ರಹಗಳ ಸಾಲನ್ನು ‘ಬಾಗಿದ ಗೆರೆ’ ಅಂತ ಸುತ್ತು ಬಳಸಿ ಹೇಳಿದ್ದೀರಿ. ಕಮಾನು ಅನ್ನಿ. ನಮ್ಮ ಊರಿನ ಮಕ್ಕಳಿಗೂ ಅರ್ಥ ಆಗುತ್ತದೆ.

ಹೊಸದುರ್ಗದಿಂದ

ಕಮಾನು ಪಾರ್ಸಿ. ಅರ್ಥ ಬಿಲ್ಲು. ನಮ್ಮಲ್ಲಿ ಬಿಲ್ಲು ಇಲ್ಲವೇ? ಕಾಮನಬಿಲ್ಲು ಅನ್ನುವವರು ನಾವು.

ಚಿತ್ರದುರ್ಗದಿಂದ

ಪಾರ್ಸಿ ಅಂತ ನನಗೂ ಗೊತ್ತು. ಚಾವಿ, ಬಾಲ್ದಿ, ಅಲಮಾರು ಪೋರ್ಚುಗೀಸರವು. ಕುರ್ಚಿ ಅರಬ್ಬಿಯದು. ಅದರಲ್ಲಿ ಕೂತೇ ತಾವು ಇದನ್ನು ಬರೆದಿರುತ್ತೀರಿ. ಬಾಗಿಲ ಮೇಲಿನ ಬಾಗಿದ ಕಟ್ಟಡಕ್ಕೆ ಜನ ಬಿಲ್ಲು ಅನ್ನುವುದಿಲ್ಲ. ಕಮಾನು ಅನ್ನುತ್ತಾರೆ. ಎರವಲು ಬಂದ ಪದ ಇಲ್ಲಿ ಬೇರೆ ಕೆಲಸ ಹಿಡಿದಿದೆ. ಅದನ್ನು ಕಿತ್ತರೆ ಆ ಕೆಲಸಕ್ಕೆ ಪದ ಉಳಿಯುವುದಿಲ್ಲ. ನಿಮ್ಮ ‘ಪಡೆಕ’ ಯಾರ ಬಾಯಲ್ಲಿದೆ? ಅಂಗಡಿಗೆ ಹೋಗಿ ಪಡೆಕ ಕೊಡಿ ಅಂದರೆ ಏನು ಕೊಡುತ್ತಾರೆ?

ಹೊಸದುರ್ಗದಿಂದ

ಬಳಸಿದರೆ ತಾನೇ ಬಾಯಿಗೆ ಬರುವುದು. ಹೊಸ ಸಾಮಾನು ಬಂದ ಮೊದಲ ದಿನವೇ ಹೆಸರಿಡಬೇಕು. ಆಮೇಲೆ ಇಡಲು ಆಗುವುದಿಲ್ಲ. ನನ್ನ ಮೊಮ್ಮಗಳಿಗೆ ‘ತೆಂಕಣ’ ಅಂದರೆ ಏನು ಅಂತ ಗೊತ್ತಿಲ್ಲ. ನನಗೆ ಅದು ನೋವು.

ಜಗಳೂರಿನಿಂದ

ಕೇಳಿದವರಿಗೆ ಶುಕ್ರವಾರದೊಳಗೆ ಪದ ಬೇಕಂತೆ, ಅದನ್ನು ಮರೆಯಬೇಡಿ. ನಾನು ಕಟ್ಟಡ ಕೆಲಸ ನೋಡಿಕೊಂಡವನು. ಮೋಟಾರಿನ ಅಚ್ಚು ಮಟ್ಟದಿಂದ ಇಷ್ಟು ಡಿಗ್ರಿ ವಾಲಬೇಕು ಅಂದಿರಲ್ಲ, ಅದಕ್ಕೆ ಗಾರೆಯವರಲ್ಲಿ ಪದ ಇದೆ: ವಾಟ. ತಾರಸಿಗೆ ನೀರು ಹರಿಯಲು ವಾಟ ಕೊಡುತ್ತಾರೆ. ಬಚ್ಚಲಿಗೂ ಕೊಡುತ್ತಾರೆ. ಮಟ್ಟದಿಂದ ಲೆಕ್ಕ ಹಾಕುವ ಓರೆ ಅದು. ‘ಮೋಟಾರಿಗೆ 14.5 ಡಿಗ್ರಿ ವಾಟ ಕೊಡಿ’ ಅಂದರೆ ತಾರಸಿ ಮೇಲಿನ ಯಾವ ಕೆಲಸಗಾರನೂ ತಪ್ಪುವುದಿಲ್ಲ. ಕಂಬ ನೆಟ್ಟಗೆ ಇದೆಯಾ ಅಂತ ನೋಡಲು ರಸಮಟ್ಟ, ತೂಗುಗುಂಡು ಅಂತಲೇ ಬರೆಯಿರಿ. ತೂಗುಗುಂಡು ಕೂಡ ತಿರುಗುಡಿಶ್ ಜಾತಿಯದೇ, ಅಲ್ವಾ ಹರಿಹರದವರೇ?

ದಾವಣಗೆರೆಯಿಂದ

ಜಗಳೂರಿನ ಅಣ್ಣನವರಿಗೆ ದೊಡ್ಡ ನಮಸ್ಕಾರ. ‘ವಾಟ’ ನೋಡಿದ ಕೂಡಲೇ ತಮ್ಮನನ್ನು ಕರೆದು ಓದಿದೆ. “ಇದನ್ನ ನೀನು ಮೊದಲೇ ಬರೆಯಬೇಕಿತ್ತು” ಅಂದ. ನಮ್ಮ ಮನೆ ಕಟ್ಟುವಾಗ ನೂರು ಸಲ ಕೇಳಿದ ಪದ. ಇಂಗ್ಲಿಷ್ ಪುಸ್ತಕ ಎದುರಿಗಿದ್ದಾಗ ತಲೆಗೆ ಬರಲೇ ಇಲ್ಲ. ನಾನು ನಿಘಂಟಿನಲ್ಲಿ ಹುಡುಕುತ್ತಿದ್ದೆ, ಗಾರೆಯವರನ್ನು ಕೇಳಬೇಕಿತ್ತು.

ಡಿಶ್ಶಿನ ನೋಟಕ್ಕೆ ‘ಏರುಕೋನ’ ಇಡುತ್ತೇನೆ. ಹೊಸದುರ್ಗದ ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು. ‘ಏರು’ ನಿಮ್ಮದೇ. ಕೋನಮಾಪಕ ಹಿಡಿದು ಓದಿದ ಮಕ್ಕಳಿಗೆ ಮೂಲೆ ಅಂದರೆ ದಾರಿ ತಪ್ಪುತ್ತದೆ. ತೆಂಕಣವನ್ನು ಒಂದು ಕಡೆ ಬರೆಯುತ್ತೇನೆ, ‘ತೆಂಕಣ, ಅಂದರೆ ದಕ್ಷಿಣ’ ಅಂತ. ರಿಸೀವರ್ ಮಾತ್ರ ರಿಸೀವರ್ ಆಗಿಯೇ ಇರಲಿ. ಪೆಟ್ಟಿಗೆಯ ಮೇಲೆ ಅದೇ ಅಚ್ಚಾಗಿದೆ.

ಇನ್ನೊಂದು ತೊಡಕು ಬರೆಯುವಾಗ ಸಿಕ್ಕಿತು. ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ. ಅದರ ಕಡೆ ನಿಂತರೆ ದಿಕ್ಸೂಚಿ ಸುಮಾರು 128 ತೋರಿಸುತ್ತದೆ, ಅಂದರೆ ದಕ್ಷಿಣದಿಂದ 52 ಡಿಗ್ರಿ ಪೂರ್ವಕ್ಕೆ. ಆದರೆ ಮೋಟಾರ್ ತಿರುಗುವುದು ಸುಮಾರು 20.5 ಡಿಗ್ರಿ ಮಾತ್ರ. ಅಚ್ಚು ವಾಟವಾಗಿರುವುದರಿಂದ ಹೀಗೆ. ಎರಡಕ್ಕೂ ‘ದಿಕ್ಕು’ ಅಂದರೆ ಮತ್ತೆ ಬಿಸಿಲಲ್ಲಿ ಅರ್ಧ ದಿನ. ದಿಕ್ಸೂಚಿಯದಕ್ಕೆ ‘ದಿಕ್ಕು’, ಮೋಟಾರಿನದಕ್ಕೆ ‘ತಿರುವು’ ಅಂತ ಬೇರೆ ಮಾಡಿದ್ದೇನೆ.

ಈಗ ಹಾಳೆಯ ಮೊದಲ ಭಾಗ ಹೀಗಿದೆ:

“ಕಂಬ ನೆಟ್ಟಗಿದೆಯೇ ಅಂತ ತೂಗುಗುಂಡು ಬಿಟ್ಟು ನೋಡಿ. ಮೋಟಾರನ್ನು ಸೊನ್ನೆಯಲ್ಲಿಟ್ಟು ತೆಂಕಣಕ್ಕೆ, ಅಂದರೆ ನೇರ ದಕ್ಷಿಣಕ್ಕೆ, ಮುಖ ಮಾಡಿ ಕೂರಿಸಿ. ಮೋಟಾರಿಗೆ 14.5 ಡಿಗ್ರಿ ವಾಟ ಕೊಡಿ. ಪಟ್ಟಿಯಲ್ಲಿ 90ರ ಹತ್ತಿರದ ಅಂಕಿಗಳಿದ್ದರೆ 75.5ಕ್ಕೆ ಇಡಿ. ಡಿಶ್ ಹಿಂದಿನ ಏರುಕೋನದ ಪಟ್ಟಿಯನ್ನು 27.5ಕ್ಕೆ ಇಡಿ. ಇಲ್ಲಿಂದ ಮುಂದೆ ಕಮಾನಿನ ಮೇಲೆ ತಿರುವು ಹುಡುಕುವುದು ರಿಸೀವರ್ ಕೆಲಸ. ಅದರಲ್ಲಿ ನಿಮ್ಮ ಊರಿನ ಅಕ್ಷಾಂಶ, ರೇಖಾಂಶ ತುಂಬಿ.”

ತಪ್ಪಿದ್ದರೆ ಗುರುವಾರ ರಾತ್ರಿಯೊಳಗೆ ತಿಳಿಸಿ. ‘ಅಚ್ಚು’ ಅಂದರೆ ಗಾಡಿಯ ಅಚ್ಚು ಅಂತ ಓದುವವರಿಗೆ ಹೊಳೆಯುತ್ತದೆಯೇ, ಮುದ್ರಣದ ಅಚ್ಚು ಅನ್ನಿಸುತ್ತದೆಯೇ ಅನ್ನುವ ಅನುಮಾನ ಇದೆ. ಹಾಗಾಗಿ ಹಾಳೆಯಲ್ಲಿ ಆ ಪದವನ್ನೇ ಬಿಟ್ಟಿದ್ದೇನೆ.

ಹೊಸದುರ್ಗದಿಂದ

ಅಚ್ಚು ಬಿಡಬೇಡಿ. ಗಾಡಿ ಕಟ್ಟಿದ ಊರು ನಮ್ಮದು, ಎಲ್ಲರಿಗೂ ಹೊಳೆಯುತ್ತದೆ. ವಾಟ ಚೆನ್ನಾಗಿದೆ.